ಗಣಿಯೊಳಗಿನ ವ್ಯಾಲೆಂಟೈನ್ಸ್ ಡೇ: 1981ರ ಒಂದು ಸ್ಲಾಷರ್ ಸಿನಿಮಾ ಬಗ್ಗೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಕ್ಯಾಬ್‌ನಲ್ಲಿ ಇಯರ್‌ಫೋನ್ ಮರೆತು ಕೂತವರಿಗೆ ಎಂದಿನಂತೆ ಈ ಬರಹ. ಮಾತಿನ ಭರದಲ್ಲಿ ಅಡ್ಡಾದಿಡ್ಡಿ ಹೋದದ್ದನ್ನು ಸ್ವಲ್ಪ ತಿದ್ದಿದ್ದೇನೆ, ಉಳಿದದ್ದು ಹೇಳಿದ ಹಾಗೇ ಇದೆ.

ಇವತ್ತಿನ ವಿಷಯ ಒಂದು ಸ್ಲಾಷರ್ ಸಿನಿಮಾ. ಮೂಗು ಮುರಿಯಬೇಡಿ. ಮುಖವಾಡ ಹಾಕಿದ ಕೊಲೆಗಾರ, ಕೈಯಲ್ಲೊಂದು ಹರಿತವಾದ ಆಯುಧ, ಒಬ್ಬೊಬ್ಬರಾಗಿ ಸಾಯೋ ಹುಡುಗ ಹುಡುಗಿಯರು, ಇಷ್ಟೇ ತಾನೇ ಅಂತ ಕೇಳ್ತೀರಿ. ಆ ಕಾಲದ ಬಹುಪಾಲು ಚಿತ್ರಗಳು ಇಷ್ಟೇ, ನಾನು ವಾದ ಮಾಡಲ್ಲ. ಆದರೆ 1981ರ ಫೆಬ್ರವರಿಯಲ್ಲಿ ಬಂದ ‘ಮೈ ಬ್ಲಡಿ ವ್ಯಾಲೆಂಟೈನ್’ ಅನ್ನೋ ಕೆನಡಾದ ಸಿನಿಮಾ ಇದೆಯಲ್ಲ, ಅದರಲ್ಲಿ ಕೊಲೆಗಾರನಿಗಿಂತ ಮುಂಚೆ ಒಂದು ಅಪಘಾತ ಇದೆ. ಕೆಲಸದ ಜಾಗದಲ್ಲಿ, ಯಾರದೋ ಉದಾಸೀನದಿಂದ ಆದ ಅಪಘಾತ. ಕೊಲೆಗಳ ಹಿಂದಿರುವ ಈ ಅಪಘಾತದಿಂದಲೇ ಈ ಸಿನಿಮಾ ನನಗೆ ಅದರ ಜೊತೆಯವುಗಳಿಗಿಂತ ದೊಡ್ಡದಾಗಿ ಕಾಣುತ್ತೆ.

ಮೊದಲೇ ಹೇಳಿಬಿಡ್ತೀನಿ, ಕೊಲೆಗಾರ ಯಾರು ಅನ್ನೋದನ್ನ ಮುಂದೆ ಬಿಟ್ಟುಕೊಡ್ತೀನಿ. ಅದನ್ನು ಮುಚ್ಚಿಟ್ಟು ಈ ಸಿನಿಮಾ ಬಗ್ಗೆ ಮಾತಾಡೋದು ಕಷ್ಟ. ನಲವತ್ತು ವರ್ಷದ ಮೇಲಾಯ್ತು, ನನ್ನ ಮೇಲೆ ಸಿಟ್ಟಾಗಬೇಡಿ.

ಆ ಕಾಲ ಹೇಗಿತ್ತು ಅನ್ನೋದನ್ನ ಬೇಗ ಹೇಳಿ ಮುಗಿಸ್ತೀನಿ. 1978ರಲ್ಲಿ ಜಾನ್ ಕಾರ್ಪೆಂಟರ್ ‘ಹ್ಯಾಲೋವೀನ್’ ತೆಗೆದರು, ಮೂರು ಲಕ್ಷ ಡಾಲರ್ ಚಿಲ್ಲರೆ ಖರ್ಚಲ್ಲಿ. ದುಡ್ಡು ಸುರಿಯಿತು. 1980ರಲ್ಲಿ ಪ್ಯಾರಮೌಂಟ್ ಕಂಪನಿ ‘ಫ್ರೈಡೇ ದ ಥರ್ಟೀನ್ತ್’ ಬಿಡುಗಡೆ ಮಾಡಿತು, ಅಮೆರಿಕದಲ್ಲೇ ಹತ್ತಿರ ಹತ್ತಿರ 4 ಕೋಟಿ ಡಾಲರ್ ಗಳಿಸಿತು. ಅಲ್ಲಿಂದ ಎಲ್ಲರೂ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಕೂತರು. ಯಾವ ಹಬ್ಬ ಖಾಲಿ ಇದೆ, ಯಾವ ದಿನಕ್ಕೆ ಇನ್ನೂ ಯಾರೂ ಕೊಲೆಗಾರನನ್ನ ಬಿಟ್ಟಿಲ್ಲ ಅಂತ. ಶಾಲೆಯ ಪ್ರಾಮ್ ರಾತ್ರಿ ಹೋಯ್ತು, ಹುಟ್ಟುಹಬ್ಬ ಹೋಯ್ತು. ಫೆಬ್ರವರಿ 14 ಖಾಲಿ ಇತ್ತು.

ಕೆನಡಾ ಯಾಕೆ ಬಂತು? ತೆರಿಗೆ. 1970ರ ದಶಕದ ಮಧ್ಯದಿಂದ ಅಲ್ಲಿನ ಸರ್ಕಾರ, ಕೆನಡಾದ ಸಿನಿಮಾಗೆ ಹಾಕಿದ ಹಣವನ್ನ ಪೂರ್ತಿ ನೂರಕ್ಕೆ ನೂರು ಆದಾಯದಿಂದ ಕಳೆಯೋದಕ್ಕೆ ಬಿಟ್ಟಿತ್ತು. ನಾವು ಮಾರ್ಚ್ ತಿಂಗಳಲ್ಲಿ 80-ಸಿ ಅಂತ ಓಡಾಡ್ತಿದ್ದೆವಲ್ಲ, ಹಾಗೆ ಅಲ್ಲಿನ ದಂತವೈದ್ಯರು, ವಕೀಲರೆಲ್ಲ ಸಿನಿಮಾಗೆ ದುಡ್ಡು ಹಾಕ್ತಿದ್ದರು. ಮಾಂಟ್ರಿಯಲ್‌ನ ಸಿನೆಪಿಕ್ಸ್ ಕಂಪನಿಯ ಜಾನ್ ಡನ್ನಿಂಗ್ ಮತ್ತು ಆಂದ್ರೆ ಲಿಂಕ್ ಆಗಲೇ ಡೇವಿಡ್ ಕ್ರೋನನ್‌ಬರ್ಗ್ ಅವರ ಮೊದಲ ಹಾರರ್ ಚಿತ್ರಗಳಿಗೆ ಬೆನ್ನೆಲುಬಾಗಿದ್ದವರು. ಅವರೇ ಈ ಚಿತ್ರದ ನಿರ್ಮಾಪಕರು. ನಿರ್ದೇಶಕ ಜಾರ್ಜ್ ಮಿಹಾಲ್ಕಾ, ಹಂಗರಿಯಲ್ಲಿ ಹುಟ್ಟಿ ಕೆನಡಾಗೆ ವಲಸೆ ಬಂದವರು. 1980ರ ಶರತ್ಕಾಲದಲ್ಲಿ ಶೂಟಿಂಗ್ ಮಾಡಿ ಮುಂದಿನ ಫೆಬ್ರವರಿಗೆ ಥಿಯೇಟರಿಗೆ ತರಬೇಕು ಅನ್ನೋ ಡೆಡ್‌ಲೈನ್. ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳು ಕೇಳಿದರೆ ಇದನ್ನೇ ಉದಾಹರಣೆ ಕೊಡ್ತಾರೆ, ಆದ್ದರಿಂದ ಅವರಿಗೆ ಈ ಪ್ಯಾರಾ ತೋರಿಸಬೇಡಿ.

ಇಷ್ಟರವರೆಗೆ ಇದೊಂದು ವ್ಯಾಪಾರ. ಆದರೆ ಚಿತ್ರತಂಡ ಶೂಟಿಂಗ್‌ಗೆ ಆರಿಸಿಕೊಂಡ ಜಾಗದಿಂದ ಎಲ್ಲಾ ಬದಲಾಯ್ತು. ಕೆನಡಾದ ಪೂರ್ವ ತುದಿಯಲ್ಲಿ ನೋವಾ ಸ್ಕೋಶಿಯಾ ಪ್ರಾಂತ್ಯ, ಅದರ ಕೇಪ್ ಬ್ರೆಟನ್ ದ್ವೀಪ, ಅಲ್ಲಿ ಸಿಡ್ನಿ ಮೈನ್ಸ್ ಅಂತ ಒಂದು ಊರು. ಹೆಸರಲ್ಲೇ ಗಣಿ ಇದೆ. ಅಲ್ಲಿನ ಪ್ರಿನ್ಸೆಸ್ ಕಲ್ಲಿದ್ದಲು ಗಣಿ ನೂರು ವರ್ಷ ನಡೆದು 1975ರಲ್ಲಿ ಮುಚ್ಚಿತ್ತು. ಸ್ಟುಡಿಯೋದಲ್ಲಿ ಥರ್ಮೋಕೋಲ್ ಸುರಂಗ ಕಟ್ಟೋ ಬದಲು ಮಿಹಾಲ್ಕಾ ತಂಡ ಆ ಗಣಿಯೊಳಗೇ ಇಳಿಯಿತು. ಮೀಥೇನ್ ಇರೋ ಜಾಗ, ಕಿಡಿ ಹಾರಿದರೆ ಮುಗೀತು. ಅದಕ್ಕೇ ಒಳಗೆ ಯಾವ ದೀಪ ಎಷ್ಟು ಉರಿಸಬಹುದು ಅನ್ನೋದಕ್ಕೂ ಕಟ್ಟುನಿಟ್ಟು. ಛಾಯಾಗ್ರಾಹಕ ರಾಡ್ನಿ ಗಿಬ್ಬನ್ಸ್ ಆ ಕಡಿಮೆ ಬೆಳಕಲ್ಲೇ ಕೆಲಸ ತೆಗೆದಿದ್ದಾರೆ. ಚಿತ್ರದ ಕೊನೇ ಅರ್ಧ ಗಂಟೆಯ ಕತ್ತಲು ಇದೆಯಲ್ಲ, ಅದು ನಿಜವಾದ ಕತ್ತಲು. ಗೋಡೆಯ ತೇವ, ನಟರು ತಲೆ ತಗ್ಗಿಸಿ ನಡೆಯೋ ರೀತಿ, ಯಾವುದೂ ಸೆಟ್ ಅನ್ನಿಸಲ್ಲ.

ಒಂದು ಕಥೆ ಚಿತ್ರತಂಡದವರು ಆಮೇಲೆ ಸಂದರ್ಶನಗಳಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ. ಅವರು ಈ ಗಣಿಯನ್ನ ಮೆಚ್ಚಿದ್ದೇ ಅದರ ಧೂಳು, ತುಕ್ಕು, ಮಸಿ ನೋಡಿ. ಸಿನಿಮಾದವರು ಬರ್ತಾರೆ ಅಂತ ಗೊತ್ತಾದ ಮೇಲೆ ಊರಿನವರು ಗಣಿಯನ್ನ ಗುಡಿಸಿ, ತೊಳೆದು, ಬಣ್ಣ ಹೊಡೆದು ಮದುವೆಮನೆ ಮಾಡಿಬಿಟ್ಟಿದ್ದರು! ತಂಡ ಮತ್ತೆ ದುಡ್ಡು ಖರ್ಚು ಮಾಡಿ ಅದನ್ನ ಗಲೀಜು ಮಾಡಬೇಕಾಯ್ತು. ನನಗೆ ಇದು ಬರೀ ತಮಾಷೆ ಅನ್ನಿಸಲ್ಲ. ಐದು ವರ್ಷದಿಂದ ಮುಚ್ಚಿರೋ ಗಣಿ, ಅದನ್ನ ಪ್ರಪಂಚಕ್ಕೆ ತೋರಿಸೋ ಒಂದು ಅವಕಾಶ. ನೆಂಟರು ಬರ್ತಾರೆ ಅಂದಾಗ ನಮ್ಮ ಅಮ್ಮಂದಿರು ಏನು ಮಾಡ್ತಾರೋ ಅದನ್ನೇ ಅವರೂ ಮಾಡಿದರು.

ಈಗ ಕಥೆ. ಊರಿನ ಹೆಸರು ವ್ಯಾಲೆಂಟೈನ್ ಬ್ಲಫ್ಸ್. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಫೆಬ್ರವರಿ 14ರ ರಾತ್ರಿ ಡಾನ್ಸ್ ಪಾರ್ಟಿ. ಗಣಿಯ ಇಬ್ಬರು ಸೂಪರ್‌ವೈಸರ್‌ಗಳಿಗೆ ಪಾರ್ಟಿಗೆ ಹೋಗೋ ಅವಸರ. ಕೆಳಗೆ ಇನ್ನೂ ಕೆಲಸಗಾರರಿದ್ದಾರೆ, ಮೀಥೇನ್ ಮಟ್ಟ ಎಷ್ಟಿದೆ ನೋಡಬೇಕು. ಇವರು ನೋಡದೆ ಹೊರಟುಬಿಡ್ತಾರೆ. ಸ್ಫೋಟ ಆಗುತ್ತೆ. ಶುಕ್ರವಾರ ಸಂಜೆ ಡಿಪ್ಲಾಯ್ ಮಾಡಿ, ಮಾನಿಟರಿಂಗ್ ನೋಡದೆ, ಫೋನ್ ಸೈಲೆಂಟ್ ಮಾಡಿ ಹೋದವರನ್ನ ನಾವೆಲ್ಲ ನೋಡಿದ್ದೇವೆ. ನಮ್ಮಲ್ಲಿ ಸರ್ವರ್ ಬೀಳುತ್ತೆ, ಅಲ್ಲಿ ಮನುಷ್ಯರು ಸತ್ತರು. ವಾರಗಟ್ಟಲೆ ಅಗೆದ ಮೇಲೆ ಜೀವಂತ ಸಿಕ್ಕಿದ್ದು ಹ್ಯಾರಿ ವಾರ್ಡನ್ ಒಬ್ಬನೇ, ಸತ್ತ ಜೊತೆಗಾರರ ಮಾಂಸ ತಿಂದು ಉಳಿದಿದ್ದ. ಬುದ್ಧಿ ಕೆಟ್ಟಿತ್ತು. ಒಂದು ವರ್ಷದ ಮೇಲೆ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದು ಆ ಇಬ್ಬರು ಸೂಪರ್‌ವೈಸರ್‌ಗಳನ್ನ ಕೊಂದ, ಅವರ ಹೃದಯಗಳನ್ನ ಕ್ಯಾಂಡಿ ಡಬ್ಬಿಯಲ್ಲಿಟ್ಟು, ಈ ಊರಲ್ಲಿ ಮತ್ತೆ ಯಾವತ್ತೂ ಆ ಡಾನ್ಸ್ ನಡೀಬಾರದು ಅಂತ ಎಚ್ಚರಿಕೆ ಕೊಟ್ಟ. ಈಗ ಇಪ್ಪತ್ತು ವರ್ಷವಾಗಿದೆ, ಹೊಸ ತಲೆಮಾರು ಬಂದಿದೆ, ಡಾನ್ಸ್ ಮತ್ತೆ ಶುರು ಮಾಡೋಣ ಅಂತಾರೆ. ಕ್ಯಾಂಡಿ ಡಬ್ಬಿ ಮತ್ತೆ ಬರುತ್ತೆ.

ಇಲ್ಲಿ ಸಾಯೋರು ಬೇಸಿಗೆ ಶಿಬಿರದ ಕಾಲೇಜು ಮಕ್ಕಳಲ್ಲ, ದುಡಿಯೋ ಗಂಡಸರು ಮತ್ತು ಅವರ ಗೆಳತಿಯರು. ಶಿಫ್ಟ್ ಮುಗಿಸಿ ಕೇಜ್‌ನಲ್ಲಿ ಮೇಲೆ ಬರ್ತಾರೆ, ಮೈಮೇಲಿನ ಮಸಿ ತೊಳೆದುಕೊಳ್ತಾರೆ, ಬಾರ್‌ಗೆ ಹೋಗಿ ಬಿಯರ್ ಕುಡೀತಾರೆ, ಒಬ್ಬರ ಕಾಲು ಒಬ್ಬರು ಎಳೀತಾರೆ. ಮೊದಲ ಅರ್ಧ ಗಂಟೆ ಇದೇ. ಹಾಲಿಸ್ ಅಂತ ಒಬ್ಬ ಇದ್ದಾನೆ, ದಪ್ಪ ಮೀಸೆ, ದೊಡ್ಡ ಮೈ, ಎಲ್ಲರ ಜಗಳ ಬಿಡಿಸೋನು. ಕೀತ್ ನೈಟ್ ಅನ್ನೋ ನಟ ಮಾಡಿದ್ದು. ಸ್ಲಾಷರ್ ಚಿತ್ರಗಳಲ್ಲಿ ಯಾರಾದರೂ ಸತ್ತಾಗ ನನಗೆ ನಿಜವಾಗಿ ಬೇಜಾರಾದದ್ದು ಅಪರೂಪ. ಹಾಲಿಸ್‌ಗೆ ಆಯ್ತು.

ಭಯವನ್ನೂ ಆ ಕೆಲಸದ ಸಾಮಾನಿನಿಂದಲೇ ಹುಟ್ಟಿಸಿದ್ದಾರೆ. ಕೊಲೆಗಾರನ ವೇಷ ಏನು ಗೊತ್ತಾ? ಗ್ಯಾಸ್ ಮಾಸ್ಕ್, ತಲೆಗೆ ದೀಪದ ಹೆಲ್ಮೆಟ್, ಕಪ್ಪು ಕವರಾಲ್, ಕೈಯಲ್ಲಿ ಪಿಕಾಸಿ. ಅಂದರೆ ಆ ಊರಿನ ಯಾವ ಗಂಡಸಿಗೂ ಅದು ಯೂನಿಫಾರಂ. ಯಾರು ಬೇಕಾದರೂ ಅವನಾಗಬಹುದು. ಇನ್ನು ಬಟ್ಟೆ ಬದಲಿಸೋ ಕೋಣೆಯ ದೃಶ್ಯ. ಗಣಿಗಳಲ್ಲಿ ಒದ್ದೆ ಬಟ್ಟೆ ಒಣಗಲಿ ಅಂತ ಸರಪಳಿಗೆ ಸಿಕ್ಕಿಸಿ ಚಾವಣಿಗೆ ಎಳೆದು ತೂಗುಹಾಕ್ತಾರೆ, ಜಾಗ ಉಳಿಯುತ್ತೆ, ಮೇಲೆ ಬಿಸಿಗಾಳಿ ಇರುತ್ತೆ. ಒಬ್ಬ ಹುಡುಗಿ ಆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಮೇಲಿಂದ ಒಂದು ಕವರಾಲ್ ಧಡಕ್ಕನೆ ಕೆಳಗೆ ಬೀಳುತ್ತೆ. ಆಮೇಲೆ ಇನ್ನೊಂದು, ಮತ್ತೊಂದು, ಸುತ್ತಲೂ. ಒಳಗೆ ಮನುಷ್ಯರಿಲ್ಲದ ಬಟ್ಟೆಗಳು, ಆದರೆ ಸತ್ತವರ ಒಂದು ಗುಂಪು ಬಂದು ನಿಂತ ಹಾಗೆ ಕಾಣುತ್ತೆ. ರಕ್ತ ಇಲ್ಲ, ಗ್ರಾಫಿಕ್ಸ್ ಇಲ್ಲ, ಕಂಪನಿ ಕೊಟ್ಟ ಬಟ್ಟೆ ಅಷ್ಟೇ. ಇನ್ನೊಂದು ಕಡೆ ಕೊಲೆಗಾರ ಸುರಂಗದಲ್ಲಿ ನಡೆದು ಬರ್ತಾ ಪಿಕಾಸಿಯಿಂದ ಒಂದೊಂದೇ ಬಲ್ಬ್ ಒಡೀತಾ ಬರ್ತಾನೆ. ಓಡಲ್ಲ, ಕೂಗಲ್ಲ. ಬೆಳಕಿನ ಆಚೆ ತುದಿಯಿಂದ ಕತ್ತಲು ನಮ್ಮ ಕಡೆ ಬರ್ತಾ ಇದೆ ಅಷ್ಟೇ.

ಇದನ್ನ ಸಿಡ್ನಿ ಮೈನ್ಸ್‌ನಲ್ಲಿ ನೋಡೋದು ಬೇರೆ, ಮಾಲ್‌ನಲ್ಲಿ ನೋಡೋದು ಬೇರೆ. 1979ರ ಫೆಬ್ರವರಿ 24ರಂದು, ಅಂದರೆ ಶೂಟಿಂಗ್‌ಗೆ ಒಂದೂವರೆ ವರ್ಷ ಮುಂಚೆ, ಅದೇ ಕೇಪ್ ಬ್ರೆಟನ್ ದ್ವೀಪದ ಗ್ಲೇಸ್ ಬೇ ಊರಿನ 26ನೇ ನಂಬರ್ ಗಣಿಯಲ್ಲಿ ಮೀಥೇನ್ ಸ್ಫೋಟವಾಗಿ 12 ಜನ ಗಣಿಕಾರ್ಮಿಕರು ತೀರಿಕೊಂಡಿದ್ದರು. ತಿಂಗಳೂ ಫೆಬ್ರವರಿಯೇ. ಅದೇ ಪ್ರಾಂತ್ಯದ ಸ್ಪ್ರಿಂಗ್‌ಹಿಲ್‌ನಲ್ಲಿ 1958ರಲ್ಲಿ ಸುರಂಗ ಕುಸಿದು 75 ಜನ ಸತ್ತದ್ದು, ಕೆಲವರು ದಿನಗಟ್ಟಲೆ ಕೆಳಗೆ ಸಿಕ್ಕಿಕೊಂಡು ಬದುಕಿ ಬಂದದ್ದು ಎಲ್ಲರ ಮನೆಯ ಮಾತು. ಹ್ಯಾರಿ ವಾರ್ಡನ್ ಕಲ್ಪನೆ. ಆದರೆ ಸ್ಫೋಟವಾದ ಮೇಲೆ ಗಣಿಯ ಬಾಗಿಲಲ್ಲಿ ಹೆಂಗಸರು ನಿಂತು ಕಾಯೋದು ಅಲ್ಲಿ ಯಾರಿಗೂ ಕಲ್ಪನೆಯಲ್ಲ.

ಕಲ್ಲಿದ್ದಲು ಗಣಿ ಅಂದರೆ ನಮಗೆ ನೆನಪಾಗೋ ಸಿನಿಮಾ ‘ಕಾಲಾ ಪತ್ಥರ್’. 1975ರ ಡಿಸೆಂಬರ್‌ನಲ್ಲಿ ಧನಬಾದ್ ಹತ್ತಿರದ ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ಅದರ ನೆನಪಿನಲ್ಲೇ ಯಶ್ ಚೋಪ್ರಾ 1979ರಲ್ಲಿ ಆ ಚಿತ್ರ ತೆಗೆದರು. ಅಲ್ಲಿ ತಪ್ಪು ಯಾರದು ಅನ್ನೋದಕ್ಕೆ ಅನುಮಾನವೇ ಇಲ್ಲ, ಪ್ರೇಮ್ ಚೋಪ್ರಾ ಗಣಿ ಮಾಲೀಕ, ಲಾಭದಾಸೆ, ಖಳನಾಯಕ. ‘ಮೈ ಬ್ಲಡಿ ವ್ಯಾಲೆಂಟೈನ್’ ಇಷ್ಟು ನೇರವಾಗಿ ಹೇಳಲ್ಲ. ಗಣಿ ಹ್ಯಾನಿಗರ್ ಮನೆತನದ್ದು. ಆ ಹ್ಯಾನಿಗರ್ರೇ ಊರಿನ ಮೇಯರ್. ಕ್ಯಾಂಡಿ ಡಬ್ಬಿ ಬಂದ ತಕ್ಷಣ ಮೇಯರ್, ಪೊಲೀಸ್ ಚೀಫ್ ಸೇರಿ ಮಾಡೋದು ಡಾನ್ಸ್ ರದ್ದು, ಅಲಂಕಾರ ಕಿತ್ತುಹಾಕೋದು. ಅಂದರೆ ಆ ಊರು ಇಪ್ಪತ್ತು ವರ್ಷ ಒಂದು ಪಾರ್ಟಿಯನ್ನ ನಿಷೇಧಿಸಿದೆ, ಒಬ್ಬ ಕೆಲಸಗಾರನಿಗೆ ಹೆದರಿದೆ. ಮೀಥೇನ್ ಅಳೆಯೋ ವ್ಯವಸ್ಥೆ ಏನಾಯ್ತು, ಇಬ್ಬರು ಎದ್ದು ಹೋದರೆ ಇಡೀ ಗಣಿಗೆ ಕಾವಲಿಲ್ಲದಂತೆ ನಡೆಸಿದ್ದು ಯಾರು, ಈ ಪ್ರಶ್ನೆ ಅಲ್ಲಿ ಯಾರ ಬಾಯಲ್ಲೂ ದೊಡ್ಡದಾಗಿ ಬರಲ್ಲ. ಬಾರ್‌ನ ಹ್ಯಾಪಿ ಅನ್ನೋ ಮುದುಕ ಹ್ಯಾರಿಯ ಕಥೆಯನ್ನ ಭೂತದ ಕಥೆ ಮಾಡಿ ಹುಡುಗರಿಗೆ ಹೇಳ್ತಾನೆ. ಅಪಘಾತದ ವರದಿ ಮರೆತುಹೋಗಿ ಭೂತ ಉಳಿದಿದೆ. ಊರುಗಳು ಹೀಗೇ ಮಾಡೋದು, ನೀವು ನಿಮ್ಮ ಊರಿನ ಕೆರೆಯ ಕಥೆ, ಸೇತುವೆಯ ಕಥೆ ನೆನಪು ಮಾಡಿಕೊಳ್ಳಿ.

ಈಗ ಆ ಗುಟ್ಟು. ಹ್ಯಾರಿ ವಾರ್ಡನ್ ಐದು ವರ್ಷದ ಹಿಂದೆಯೇ ಆಸ್ಪತ್ರೆಯಲ್ಲಿ ಸತ್ತಿದ್ದಾನೆ. ಮಾಸ್ಕ್ ಕಳಚಿದಾಗ ಸಿಗೋದು ಆಕ್ಸೆಲ್, ಇದೇ ಹುಡುಗರ ಗುಂಪಿನವನು. ಅವನ ಅಪ್ಪ ಆ ಇಬ್ಬರು ಸೂಪರ್‌ವೈಸರ್‌ಗಳಲ್ಲಿ ಒಬ್ಬ. ಚಿಕ್ಕವನಿದ್ದಾಗ ಮಂಚದ ಕೆಳಗೆ ಅಡಗಿ ಹ್ಯಾರಿ ತನ್ನ ಅಪ್ಪನನ್ನ ಕೊಲ್ಲೋದನ್ನ ನೋಡಿದ್ದ. ಸಾಮಾನ್ಯ ಸಿನಿಮಾ ಆಗಿದ್ದರೆ ಹ್ಯಾರಿಯ ಮಗ ಕೊಲೆಗಾರ ಆಗಬೇಕಿತ್ತು, ಸೇಡಿನ ಲೆಕ್ಕ ಸರಿಹೋಗ್ತಿತ್ತು. ಇಲ್ಲಿ ತಪ್ಪು ಮಾಡಿದವನ ಮಗ, ತನ್ನ ಅಪ್ಪನನ್ನ ಕೊಂದವನ ಬಟ್ಟೆಯನ್ನೇ ತೊಟ್ಟು, ತನ್ನ ಜೊತೆ ಕೆಲಸ ಮಾಡೋರನ್ನೇ ಕೊಲ್ತಾನೆ. ಇದನ್ನ ಒಂದು ಅವಸರದ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹೇಳಿ ಮುಗಿಸಿದ್ದು ಚಿತ್ರದ ದೊಡ್ಡ ದೋಷ, ಇನ್ನೈದು ನಿಮಿಷ ಕೊಡಬಹುದಿತ್ತು. ಆದರೂ ಆ ಯೋಚನೆ ಗಟ್ಟಿ. ಒಂದು ರಾತ್ರಿಯ ಉದಾಸೀನಕ್ಕೆ ಎರಡು ತಲೆಮಾರಿನ ಕೆಲಸಗಾರರು ತೆತ್ತಿದ್ದಾರೆ, ಹ್ಯಾನಿಗರ್ ಗಣಿ ಮಾತ್ರ ನಡೀತಾನೇ ಇದೆ.

ಮುಂಬೈಯಲ್ಲೋ ಪುಣೆಯಲ್ಲೋ ಕೂತು ಓದ್ತಿರೋ ನಿಮಗೆ ಇನ್ನೊಂದು ಪಾತ್ರ ತೋರಿಸಬೇಕು. ಟಿ.ಜೆ., ಮೇಯರ್ ಮಗ. ಊರು ಬಿಟ್ಟು ಪಶ್ಚಿಮ ಕರಾವಳಿಗೆ ಹೋಗಿದ್ದ, ಅಲ್ಲಿ ಏನೂ ಆಗಲಿಲ್ಲ, ವಾಪಸ್ ಬಂದು ಅಪ್ಪನ ಗಣಿಯಲ್ಲೇ ಇಳಿದಿದ್ದಾನೆ. ಅಷ್ಟರಲ್ಲಿ ಅವನ ಹುಡುಗಿ ಸಾರಾ, ಆಕ್ಸೆಲ್ ಜೊತೆಗಿದ್ದಾಳೆ. ಫೋನ್ ಮಾಡಲಿಲ್ಲ, ಕಾಗದ ಬರೀಲಿಲ್ಲ, ಈಗ ಬಂದು ನಿಂತರೆ ನಿನ್ನ ಜಾಗ ಹಾಗೇ ಇರುತ್ತಾ ಅನ್ನೋದು ಜಗಳ. ಕೇಪ್ ಬ್ರೆಟನ್‌ನಿಂದ ಹುಡುಗರು ಕೆಲಸ ಹುಡುಕಿ ಪಶ್ಚಿಮಕ್ಕೆ ಹೋಗೋದು ತಲೆಮಾರುಗಳ ಕಥೆ. ಡೊನಾಲ್ಡ್ ಶೆಬಿಬ್ 1970ರಲ್ಲಿ ತೆಗೆದ ‘ಗೋಯಿಂಗ್ ಡೌನ್ ದ ರೋಡ್’ ಅನ್ನೋ ಹೆಸರಾಂತ ಕೆನಡಾ ಚಿತ್ರ ಹೀಗೆ ಟೊರಾಂಟೊಗೆ ಹೊರಟ ಇಬ್ಬರದೇ. ಅದು ಹೋದವರ ಸಿನಿಮಾ, ಗೌರವ ಪಡೀತು. ಇದು ವಾಪಸ್ ಬಂದವನ ಸಿನಿಮಾ, ಹಾರರ್ ಕಪಾಟಿಗೆ ಹೋಯ್ತು. ಟಿ.ಜೆ. ಬಾರ್‌ಗೆ ಬಂದಾಗ ಒಂದು ಕ್ಷಣ ಎಲ್ಲರೂ ಅವನನ್ನ ನೋಡೋ ರೀತಿ ಇದೆಯಲ್ಲ, ‘ಏನಪ್ಪಾ, ಬಂದೇ ಬಿಟ್ಯಾ, ಪರ್ಮನೆಂಟಾ?’ ಅಂತ ಊರಲ್ಲಿ ಕೇಳಿಸಿಕೊಂಡವರಿಗೆ ಅದು ಚೆನ್ನಾಗಿ ಗೊತ್ತು. ಸಾರಾಗೆ ಮಾತ್ರ ಬರವಣಿಗೆಯಲ್ಲಿ ಅನ್ಯಾಯವಾಗಿದೆ. ಇಬ್ಬರು ಗಂಡಸರ ಮಧ್ಯದ ಹಗ್ಗಜಗ್ಗಾಟದ ಹಗ್ಗ ಆಗಿಬಿಟ್ಟಿದ್ದಾಳೆ.

ಇಷ್ಟೆಲ್ಲ ಇದ್ದೂ ಮರೆತುಹೋಗಿದ್ದು ಯಾಕೆ? ಕತ್ತರಿ. ‘ಫ್ರೈಡೇ ದ ಥರ್ಟೀನ್ತ್’ ಬಂದಾಗ ಅಮೆರಿಕದ ವಿಮರ್ಶಕರು ಪ್ಯಾರಮೌಂಟ್ ಮೇಲೆ ಮುಗಿಬಿದ್ದಿದ್ದರು. ಜೀನ್ ಸಿಸ್ಕೆಲ್ ಅಂತೂ ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದು ಬೈಯಿರಿ ಅಂತ ಓದುಗರಿಗೆ ವಿಳಾಸವನ್ನೇ ಕೊಟ್ಟಿದ್ದರು. ಆ ಬಿಸಿಯಲ್ಲಿ ಈ ಚಿತ್ರ ಸೆನ್ಸಾರಿಗೆ ಹೋಯ್ತು. ಅಲ್ಲಿನ ರೇಟಿಂಗ್ ಮಂಡಳಿ ಮತ್ತೆ ಮತ್ತೆ ವಾಪಸ್ ಕಳಿಸಿತು. ಟಾಮ್ ಬರ್ಮನ್ ತಂಡ ಕಷ್ಟಪಟ್ಟು ಮಾಡಿದ ಮೇಕಪ್ ಕೆಲಸ ಬಹುತೇಕ ನೆಲಕ್ಕೆ ಬಿತ್ತು. ಪಿಕಾಸಿ ಮೇಲೇಳುತ್ತೆ, ದೃಶ್ಯ ಮುಗಿಯುತ್ತೆ. ರಕ್ತ ನೋಡೋಕೆ ಬಂದವರಿಗೆ ಅದು ಸಿಗಲಿಲ್ಲ, ಉಳಿದವರು ಹೆಸರು ನೋಡಿ ಬರಲಿಲ್ಲ. ಲಾಭ ಬಂತು, ಆದರೆ ಪ್ಯಾರಮೌಂಟ್ ಅಂದುಕೊಂಡಷ್ಟಲ್ಲ. ಜೇಸನ್, ಮೈಕಲ್ ಮೈಯರ್ಸ್‌ಗೆ ಸಾಲು ಸಾಲು ಭಾಗಗಳು ಬಂದವು, ಈ ಗಣಿಗಾರನಿಗೆ ಎರಡನೇ ಭಾಗ ಬರಲೇ ಇಲ್ಲ. ಕ್ವೆಂಟಿನ್ ಟರಾಂಟಿನೋ ಇದು ತನ್ನ ಅಚ್ಚುಮೆಚ್ಚಿನ ಸ್ಲಾಷರ್ ಅಂತ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. 2009ರಲ್ಲಿ ಇದೇ ಹೆಸರಿನ 3ಡಿ ರೀಮೇಕ್ ಬಂದಾಗ ಹಳೇ ಚಿತ್ರದ ಕತ್ತರಿಸಿದ ತುಂಡುಗಳಲ್ಲಿ ಸುಮಾರು ಮೂರು ನಿಮಿಷದಷ್ಟು ಹುಡುಕಿ ತೆಗೆದು ಡಿವಿಡಿಗೆ ಸೇರಿಸಿದರು. ನೀವು ಆ ಆವೃತ್ತಿಯನ್ನೇ ನೋಡಿ. ಮಧ್ಯೆ ಮಧ್ಯೆ ಚಿತ್ರದ ಬಣ್ಣ ಮಂಕಾಗಿ ಗೀರು ಕಂಡರೆ, ಅದು ಆ ತುಂಡು. ರಕ್ತ ಆಗದವರಿಗೆ ಹಳೇ ಆವೃತ್ತಿಯೇ ಸಾಕು, ಅದರಲ್ಲೂ ಗಣಿ ಇದೆ.

ಆಮೇಲೆ ಏನಾಯ್ತು ಅನ್ನೋದನ್ನೂ ಹೇಳ್ತೀನಿ. 1992ರ ಮೇ 9ರ ಬೆಳಗಿನ ಜಾವ ಅದೇ ನೋವಾ ಸ್ಕೋಶಿಯಾದ ವೆಸ್ಟ್ರೇ ಗಣಿಯಲ್ಲಿ ಮೀಥೇನ್ ಮತ್ತು ಕಲ್ಲಿದ್ದಲಿನ ಧೂಳು ಹೊತ್ತಿಕೊಂಡು, ಕೆಳಗಿದ್ದ 26 ಜನರೂ ಸತ್ತರು. 11 ಜನರ ದೇಹ ಇವತ್ತಿಗೂ ಒಳಗೇ ಇದೆ. ಗಣಿ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಪೀಟರ್ ರಿಚರ್ಡ್ ಅವರ 1997ರ ವರದಿಯ ಹೆಸರಲ್ಲೇ, ಈ ದುರಂತ ಮೊದಲೇ ಊಹಿಸಬಹುದಾಗಿದ್ದ ದಾರಿಯಲ್ಲಿ ಬಂತು ಅನ್ನೋ ಅರ್ಥ ಇದೆ. ಮ್ಯಾನೇಜರ್‌ಗಳ ಮೇಲೆ ಹಾಕಿದ ಕ್ರಿಮಿನಲ್ ಕೇಸು ನಿಲ್ಲಲಿಲ್ಲ. ಕಾರ್ಮಿಕರ ಮನೆಯವರು, ಉಕ್ಕು ಕಾರ್ಮಿಕರ ಯೂನಿಯನ್ ವರ್ಷಗಟ್ಟಲೆ ಬಡಿದಾಡಿ, 2004ರಲ್ಲಿ ಕೆಲಸದ ಜಾಗದ ಸಾವಿಗೆ ಕಂಪನಿಯನ್ನೇ ಕ್ರಿಮಿನಲ್ ಹೊಣೆ ಮಾಡೋ ಕಾನೂನು ಜಾರಿಗೆ ತರಿಸಿದರು. ಅದನ್ನ ವೆಸ್ಟ್ರೇ ಕಾನೂನು ಅಂತಲೇ ಕರೀತಾರೆ.

ಸಿಡ್ನಿ ಮೈನ್ಸ್ ಸುತ್ತಮುತ್ತಲ ಸರ್ಕಾರಿ ಕಲ್ಲಿದ್ದಲು ಕಂಪನಿ ಡೆವ್ಕೊ, ತನ್ನ ಕೊನೆಯ ಗಣಿಯನ್ನ 2001ರಲ್ಲಿ ಮುಚ್ಚಿತು. ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿದ್ದೂ 2001ರಲ್ಲೇ, ಫೆಬ್ರವರಿ 28ಕ್ಕೆ. ಕೆಜಿಎಫ್ ಅಂದರೆ ಹೈದರಾಬಾದಲ್ಲೂ ಚೆನ್ನೈಯಲ್ಲೂ ಈಗ ಯಶ್ ಡೈಲಾಗ್ ಹೊಡೀತಾರೆ. ಅಲ್ಲಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ವಾಪಸ್ ಹೋಗೋ ಸಾವಿರಾರು ಜನರ ಬಗ್ಗೆ ಇನ್ನೂ ಯಾರಾದರೂ ಒಳ್ಳೆ ಸಿನಿಮಾ ಮಾಡಬೇಕು.

ಕೊನೆಗೆ ಒಂದು ಮಾತು, ಚಿತ್ರ ಮುಗೀತು ಅಂತ ಹೆಸರುಗಳು ಬರುವಾಗ ಆಫ್ ಮಾಡಬೇಡಿ. ಆಕ್ಸೆಲ್ ಕುಸಿದ ಸುರಂಗದಲ್ಲಿ ಸಿಕ್ಕಿಬಿದ್ದು, ತನ್ನ ತೋಳನ್ನೇ ಕತ್ತರಿಸಿಕೊಂಡು, ಹೊರಗೆ ಬರೋ ಬದಲು ಇನ್ನೂ ಒಳಗೆ ಕತ್ತಲಿಗೆ ನಡೆದುಹೋಗ್ತಾನೆ. ಆಮೇಲೆ ಪಾಲ್ ಜಾಜಾ ಸಂಗೀತ ಕೊಟ್ಟ ಒಂದು ಲಾವಣಿ ಬರುತ್ತೆ, ಹ್ಯಾರಿ ವಾರ್ಡನ್ ಹೆಸರಲ್ಲಿ, ಹಳೇ ಗಣಿಕಾರ್ಮಿಕರು ಬಾರ್‌ನಲ್ಲಿ ಹಾಡೋ ಧಾಟಿಯಲ್ಲಿ. ನಾನು ಅದನ್ನ ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದೆ.